ಯಾರೊಡನೆ ಯಾವ ಭಾಷೆ

ಜಪಾನಿ ಕ್ರಿಯಾಪದದ ಬಗ್ಗೆ ಯೋಚಿಸುತ್ತಾ ನಿಂತು ಮೂಡುಬಿದಿರೆಯ ಬಸ್ಸು ತಪ್ಪಿಸಿಕೊಂಡವಳು ಬಂಟ್ವಾಳದಲ್ಲಿ ನಾನೊಬ್ಬಳೇ ಇರಬೇಕು. ಕಂಡಕ್ಟರ್ ನನ್ನನ್ನೇ ನೋಡಿ ಕೂಗಿದ. ನಾನು ನಗುತ್ತಾ ಕೈ ಬೀಸಿದೆ. ಬಸ್ಸು ಹೋಯಿತು.

ಇದಕ್ಕೆಲ್ಲ ಕಾರಣ ನನ್ನ ತಮ್ಮನ ಮಗಳು ಓದಿ ಬಿಟ್ಟುಹೋದ ಭಾಷಾವಿಜ್ಞಾನದ ಒಂದು ದಪ್ಪ ಪುಸ್ತಕ. ಇಂಗ್ಲಿಷ್ ಟೀಚರಾಗಿ ನಿವೃತ್ತಳಾದ ಮೇಲೆ ಇನ್ನು ವ್ಯಾಕರಣದ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಈ ವಿದ್ಯೆಯೇ ಬೇರೆ! ಇಲ್ಲಿ ಯಾವ ಭಾಷೆಯ ಅಜ್ಜಿ ಯಾರು ಎಂದು ಕೇಳುವುದಿಲ್ಲ. ಮನೆ ಹೇಗೆ ಕಟ್ಟಿದ್ದಾರೆ, ಯಾವ ಕೋಣೆ ಎಲ್ಲಿದೆ, ಅಷ್ಟೇ ವಿಚಾರ. ಹಾಗೆ ನೋಡಿದರೆ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಅಷ್ಟು ದೂರದ ಜಪಾನಿ, ಟರ್ಕಿ, ಎಲ್ಲವೂ ಕ್ರಿಯಾಪದವನ್ನು ವಾಕ್ಯದ ಕೊನೆಗೆ, ಹಿಂದಿನ ಕೋಣೆಯಲ್ಲಿ ಕೂರಿಸಿವೆ. ಇಂಗ್ಲಿಷು ಅದನ್ನು ಮುಂದಿನ ಚಾವಡಿಗೇ ತಂದಿದೆ. ನಾವು 'ಮೇಜಿನ ಮೇಲೆ' ಎಂದರೆ ಇಂಗ್ಲಿಷಿಗೆ ಮೊದಲು 'ಮೇಲೆ', ಆಮೇಲೆ ಮೇಜು. ನಾವು 'ನಿನ್ನೆ ಬಂದ ಹುಡುಗಿ' ಎಂದರೆ ಅದಕ್ಕೆ ಮೊದಲು ಹುಡುಗಿ, ಆಮೇಲೆ ಅವಳು ಬಂದ ಸಂಗತಿ. ಇಡೀ ಮನೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ! ಇದು ತಿಳಿದ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಇನ್ನೊಂದು ಕೇಳಿ. ಟರ್ಕಿಯವರು ಕಣ್ಣಾರೆ ಕಾಣದ ಸುದ್ದಿಯನ್ನು ಹೇಳುವಾಗ ಕ್ರಿಯಾಪದಕ್ಕೆ ಒಂದು ಬಾಲ ಅಂಟಿಸುತ್ತಾರೆ. ನಮ್ಮ 'ಅಂತೆ' ಅದರ ತಂಗಿಯೇ ಅಲ್ಲವೇ? ಅವನು ಮನೆ ಕಟ್ಟಿಸಿದನಂತೆ, ಅವಳಿಗೆ ಸಂಬಂಧ ಕೂಡಿತಂತೆ. ಇಂಗ್ಲಿಷಿನಲ್ಲಿ ಇಂಥ ಬಾಲ ಇಲ್ಲದ್ದರಿಂದಲೇ ನಮ್ಮವರು ಇಂಗ್ಲಿಷು ಮಾತಾಡುವಾಗ ಪ್ರತಿ ವಾಕ್ಯದ ಕೊನೆಗೆ 'ಇಟ್ ಸೀಮ್ಸ್' ಎಂದು ಹೊಲಿಯುವುದು. ಅದನ್ನು ತಪ್ಪೆಂದು ಎಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆ ಎಳೆದಿದ್ದೇನೋ!

ಈ ಸಂಭ್ರಮದ ನಡುವೆ ನನ್ನ ಕೈಗೆ ಸಿಕ್ಕವಳು ಮಿಸ್ರಿಯಾ. ಪಾಣೆಮಂಗಳೂರಿನಲ್ಲಿ ಅವಳ ಅಪ್ಪನಿಗೆ ಚಪ್ಪಲಿ ಅಂಗಡಿ ಉಂಟು. ಹುಡುಗಿ ವಿಜ್ಞಾನ ಓದಿ ಬಿ.ಎಡ್. ಮುಗಿಸಿದ್ದಳು. ಮೂಡುಬಿದಿರೆಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಿಂದ ಅವಳಿಗೆ ಸಂದರ್ಶನದ ಕರೆ ಬಂದಿತ್ತು. ಹಿಂದೆ ಬೇರೆ ಕಡೆ ಹೋದಾಗ ಇಂಗ್ಲಿಷಿನಲ್ಲಿ ಮಾತು ಹೊರಡದೆ ವಾಪಸು ಬಂದಿದ್ದಳು.

"ಈ ಸಲವೂ ಆಗದಿದ್ರೆ ಅಂಗಡಿಯಲ್ಲೇ ಕೂತುಕೋ ಅಂತ ಅಪ್ಪ ಹೇಳಿದ್ದಾರೆ ಟೀಚರ್. ನನಗೆ ಪಾಠ ಮಾಡ್ಬೇಕು. ಚಪ್ಪಲಿ ಮಾರ್ಲಿಕ್ಕೆ ಆಗುದಿಲ್ಲ ನನ್ನಿಂದ" ಎಂದಳು. ಹೇಳಿದ್ದು ತುಳುವಿನಲ್ಲಿ. ಮನೆಯಲ್ಲಿ ಅವಳದು ಬ್ಯಾರಿ, ನನ್ನೊಡನೆ ಚಿಕ್ಕಂದಿನಿಂದ ತುಳು. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ಸಾಹ ಕೇಳಬೇಕೆ? ಅವಳ ಕಷ್ಟಕ್ಕೆಲ್ಲ ಆ ಕನ್ನಡಿ ಮನೆಯೇ ಕಾರಣ ಎಂದು ತೀರ್ಮಾನಿಸಿಬಿಟ್ಟೆ. ಜಪಾನಿಯಿಂದ ಹಿಡಿದು ಕ್ರಿಯಾಪದವನ್ನು ಹೊಸ್ತಿಲಲ್ಲೇ ನಿಲ್ಲಿಸುವ ಐರಿಷಿನವರೆಗೆ ಬೋರ್ಡಿನ ತುಂಬ ಚಿತ್ರ ಬರೆದೆ. ಅವಳಿಗೆ ಎಲ್ಲ ಅರ್ಥವಾಯಿತು, ನನಗಿಂತ ಚುರುಕಾಗಿ ಪ್ರಶ್ನೆಯನ್ನೂ ಕೇಳಿದಳು. ಆಮೇಲೆ ನಾನು ಇಂಗ್ಲಿಷಿಗೆ ಹೊರಳಿ, "ನೌ ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂದೆ. ಅವಳ ಮುಖ ಬಾಡಿತು. ಶಾಲಿನ ತುದಿ ಹಿಡಿದು ನೆಲ ನೋಡಿದಳು. ದಿನಾ ಇದೇ ಕತೆ. ಸಂದರ್ಶನ ಹತ್ತಿರ ಬರುತ್ತಿತ್ತು.

ಒಂದು ಬೆಳಿಗ್ಗೆ ಇವರು ಚಾವಡಿಯಿಂದ ಸ್ಪಷ್ಟ ಕನ್ನಡದಲ್ಲಿ ಕೂಗಿದರು: "ಈ ಮನೆಯಲ್ಲಿ ಇಟ್ಟ ವಸ್ತು ಇಟ್ಟಲ್ಲಿ ಇರುವುದೇ ಇಲ್ಲವೇ?"

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ನಾವಿಬ್ಬರೂ ಮದುವೆಯಾದಂದಿನಿಂದ ತುಳು ಮಾತಾಡುವವರು. ಇವರ ಬಾಯಲ್ಲಿ ಕನ್ನಡ ಬಂತೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಲೆಕ್ಕ. ಅಯ್ಯೋ, ಅಷ್ಟೇ ಅಲ್ಲವೇ! ನಮ್ಮ ಕಡೆ ಇಬ್ಬರು ಮೊದಲ ಸಲ ಸಿಕ್ಕಾಗ ಯಾವ ಭಾಷೆ ಆಡಿದರೋ ಆ ಭಾಷೆ ಆ ಇಬ್ಬರಿಗೆ ಕೊನೆಯವರೆಗೆ ಗಟ್ಟಿ. ಪೇಟೆಯ ದಿನಸಿ ಅಂಗಡಿಯವರೊಡನೆ ನನ್ನದು ಕನ್ನಡ, ಅವರ ಹೆಂಡತಿಯೊಡನೆ ತುಳು, ಅವರಿಬ್ಬರ ನಡುವೆ ಕೊಂಕಣಿ. ಮೂವರೂ ಒಟ್ಟಿಗೆ ನಿಂತರೆ ಮುಖ ತಿರುಗಿದ ಕಡೆಗೆ ಭಾಷೆ ತಿರುಗುತ್ತದೆ. ನಡುವೆ ಯಾರಾದರೂ ಭಾಷೆ ಬದಲಿಸಿದರೆ ಏನೋ ಮುನಿಸು ಎಂದೇ ಅರ್ಥ. ಮಿಸ್ರಿಯಾಳ ಬಾಯಿ ಕಟ್ಟಿದ್ದು ಕ್ರಿಯಾಪದಕ್ಕಲ್ಲ, ನಾನು ಸಿಟ್ಟಾದೆನೆಂದು! ಪುಸ್ತಕದಲ್ಲಿ ಇದಕ್ಕೆ ಅಧ್ಯಾಯವೇ ಇರಲಿಲ್ಲ.

ಸಂಜೆ ಅವಳನ್ನು ಕೇಳಿದೆ. "ಹೌದು ಟೀಚರ್, ನೀವು ಇಂಗ್ಲಿಷ್ ಶುರು ಮಾಡಿದ್ರೆ ಬೈದ ಹಾಗೇ ಆಗ್ತದೆ" ಎಂದಳು. ಹಿಂದಿನ ಸಂದರ್ಶನಗಳಲ್ಲೂ ಹಾಗೆಯೇ ಆಗಿತ್ತಂತೆ. ಊರಿನ ಹೆಸರು ಕೇಳಿದವರು ತುಳುವಿನಲ್ಲಿ ನಗುತ್ತಾ ಮಾತಾಡಿಸಿ, ಆಮೇಲೆ ಥಟ್ಟನೆ ಇಂಗ್ಲಿಷಿಗೆ ಹೊರಳಿದ್ದರು.

ಮರುದಿನವೇ ಅವಳನ್ನು ಕರೆದುಕೊಂಡು ಮುಂಡಾಜೆಯ ಬಸ್ಸು ಹತ್ತಿದೆ. ಈ ಸಲ ಬಸ್ಸು ತಪ್ಪಲಿಲ್ಲ. ಅಲ್ಲಿ ನನ್ನ ನಾದಿನಿ ವಿಮಲಾ ಇದ್ದಾಳೆ, ಬ್ಯಾಂಕಿನಿಂದ ನಿವೃತ್ತಳಾದವಳು. ಮಿಸ್ರಿಯಾಳನ್ನು ಅವಳು ಅದುವರೆಗೆ ಕಂಡೇ ಇರಲಿಲ್ಲ. "ಮೊದಲ ಮಾತೇ ಇಂಗ್ಲಿಷ್. ತುಳು ಬಾಯಿಂದ ಬಿದ್ದರೆ ಎಲ್ಲ ಹಾಳು" ಎಂದು ಫೋನಿನಲ್ಲಿ ತಾಕೀತು ಮಾಡಿದ್ದೆ. "ಅಯ್ಯೋ ಅತ್ತಿಗೆ, ಯಾರ ಮನೆಯ ಹುಡುಗಿ ಅಂತಲೂ ಕೇಳ್ಬಾರ್ದಾ?" ಎಂದು ಒದ್ದಾಡಿದಳು ಪಾಪ. ನಾನು ಎದುರಿದ್ದರೆ ತುಳು ನುಗ್ಗುತ್ತದೆಂದು ನೇರ ಅಡುಗೆಮನೆಗೆ ಹೋಗಿ ಬಾಗಿಲಿಗೆ ಕಿವಿ ಕೊಟ್ಟು ನಿಂತೆ.

ಮೊದಲು ಕೇಳಿದ್ದು ವಿಮಲಾಳ ಇಂಗ್ಲಿಷು. ಆಮೇಲೆ ಮಿಸ್ರಿಯಾಳ ಸ್ವರ! ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದಾಗ ಅಂಗಡಿಯ ಚಪ್ಪಲಿ ಡಬ್ಬಗಳನ್ನು ಹೇಗೆ ಮೇಲಕ್ಕೇರಿಸುತ್ತಾರೆ, ಘಟ್ಟದಲ್ಲಿ ಸುರಿದ ಮಳೆ ತಮ್ಮ ಮೆಟ್ಟಿಲಿಗೆ ಬರಲು ಏಕೆ ಹೊತ್ತು ಹಿಡಿಯುತ್ತದೆ, ಎಲ್ಲ ಇಂಗ್ಲಿಷಿನಲ್ಲಿ! ಕ್ರಿಯಾಪದ ಆಗಾಗ ಹಿಂದಿನ ಕೋಣೆಗೇ ಹೋಗಿ ಕೂತಿತು. ಕೂರಲಿ ಬಿಡಿ! ಅಪರಿಚಿತಳ ಮುಂದೆ ಅವಳಿಗೆ ಕಳೆದುಕೊಳ್ಳಲು ಯಾವ ಸಲಿಗೆಯೂ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಮರಳುವಾಗ ಅವಳಿಗೆ ಹೇಳಿದ್ದು ಒಂದೇ ಮಾತು: ಮೂಡುಬಿದಿರೆಯಲ್ಲಿ ಅವರು ಬಾಯಿ ತೆರೆಯುವ ಮೊದಲು ನೀನೇ ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿಬಿಡು.

ಸಂದರ್ಶನದ ದಿನ ಮಧ್ಯಾಹ್ನ ಫೋನ್ ಬಂತು. "ಟೀಚರ್, ಸಿಕ್ಕಿತು! ಸೋಮವಾರದಿಂದ ಬರ್ಲಿಕ್ಕೆ ಹೇಳಿದ್ದಾರೆ!"

ಸಂತೋಷ ತಡೆಯಲಾಗದೆ ಎಷ್ಟೋ ವರ್ಷದ ಕ್ಲಾಸಿನ ಅಭ್ಯಾಸದಲ್ಲಿ, "ಕಂಗ್ರಾಜುಲೇಷನ್ಸ್ ಮಿಸ್ರಿಯಾ, ಐ ಆಮ್ ಸೋ ಹ್ಯಾಪಿ!" ಎಂದುಬಿಟ್ಟೆ.

ಆ ಕಡೆಯಿಂದ ಅಳುಕಿದ ಸ್ವರ: "ಟೀಚರ್, ನಾನು ಮೊದಲು ವಿಮಲಾ ಮೇಡಂಗೆ ಫೋನ್ ಮಾಡಿದ್ದು ನಿಮಗೆ ಗೊತ್ತಾಯ್ತಾ? ಬೇಸರವಾ?"

ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಚೂರು ಬೇಸರ ಆದದ್ದೂ ನಿಜ. ಆದರೆ ಬೇಸರ ಹೇಳಿಕೊಳ್ಳಲು ನಮ್ಮಿಬ್ಬರಿಗೆ ಇನ್ನೊಂದು ಭಾಷೆಯೇ ಬೇಕಲ್ಲ? ನನಗೆ ಅದು ಬೇಡವಾಯಿತು. "ಇಲ್ಲ ಮಾರಾಯ್ತಿ, ಸಂಜೆ ಬಾ, ಚಾ ಕುಡಿಯುವ" ಎಂದು ತುಳುವಿನಲ್ಲೇ ಹೇಳಿದೆ.