ಉಡಿಯಲ್ಲಿ ಏನಿದೆ ಎಂದು ಕೇಳಿದ ದುರಗೇಶ

ನಮ್ಮ ಬನಹಟ್ಟಿಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸಲ್ ಬುಕ್ ಮಾಡುವವನು ದುರಗೇಶ. ಸಾವಳಗಿಯವನು. ಮೊದಲು ಇದೇ ಆಫೀಸಿನಲ್ಲಿ ಹಮಾಲನಾಗಿದ್ದ. ಈಗ ಕಿಟಕಿಯ ಹಿಂದೆ ಕೂರುತ್ತಾನೆ. ಆದರೂ ಗಂಟು ಬಂದರೆ ಎದ್ದು ಹೊರಗೆ ಬಂದು ಕೈಯಿಂದ ಒತ್ತಿ ನೋಡುತ್ತಾನೆ. ಆಮೇಲೆ ಕೇಳುತ್ತಾನೆ.

"ಒಳಗ ಏನೈತ್ರಿ?"

ಬನಹಟ್ಟಿಯಲ್ಲಿ ಈ ಮಾತು ಕೇಳಿದರೆ ಜನ ನಗುತ್ತಾರೆ. ಇಲ್ಲಿಯ ಗಂಟಿನಲ್ಲಿ ಸೀರೆ ಬಿಟ್ಟು ಇನ್ನೇನಿರುತ್ತದೆ?

"ಒಳಗ ಆನಿ ಐತಿ, ಹುಲ್ಲ ಹಾಕ್ತೀಯೇನು?" ಎಂದು ಲಾರಿ ಡ್ರೈವರ್ ದಶರಥ ಅವನನ್ನು ಕಾಡುತ್ತಾನೆ. ದುರಗೇಶ ಸಿಟ್ಟಾಗುವುದಿಲ್ಲ. ಉತ್ತರ ಬರುವ ತನಕ ನಿಂತಿರುತ್ತಾನೆ. ಅವನ ಬಲಗೈ ಮೊಣಕೈ ತನಕ ಸುಟ್ಟು ಚರ್ಮ ಮುದುಡಿದೆ. ಹೇಗಾಯಿತೆಂದು ನಾನು ಕೇಳಿರಲಿಲ್ಲ.

ನಮ್ಮದು ಮಗ್ಗದ ಮನೆ. ನಾನು, ನನ್ನ ಹೆಂಡತಿ ಕಾಂಚನಾ, ನನ್ನವ್ವ ಗುರುಬಸವ್ವ. ಹೋದ ವರ್ಷ ಎರಡು ಮಗ್ಗ ನಿಂತೇ ಹೋಗಿದ್ದವು. ಬೇಸಿಗೆಯಲ್ಲಿ ಲಾತೂರಿನ ಒಬ್ಬ ವ್ಯಾಪಾರಿ ಸಿಕ್ಕ. ಹೊಸ ಅಂಗಡಿ ತೆರೆಯುವವನಿದ್ದ. ಅಂಗಡಿ ತೆರೆಯುವ ದಿನಕ್ಕೆ ಸೀರೆ ಮುಟ್ಟಿದರೆ ಮುಂದೆಯೂ ನಮ್ಮಲ್ಲೇ ತೆಗೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದಿದ್ದ. ಮುಟ್ಟಬೇಕಾದರೆ ಸೀರೆ ಸಿದ್ಧವಾದ ದಿನದ ಲಾರಿಗೇ ಹೋಗಬೇಕಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ವ್ಯಾಪಾರಿಗೆ ಹೋಗುವ ಮೊದಲ ಗಂಟಿಗೆ ಅವ್ವ ಉಡಿ ತುಂಬುತ್ತಾಳೆ. ಗಂಡನ ಮನೆಗೆ ಹೋಗುವ ಮಗಳಿಗೆ ತುಂಬಿದ ಹಾಗೆಯೇ. ಒಂದು ಕುಬಸದ, ಅಂದರೆ ರವಿಕೆಯ, ಬಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಅಡಿಕೆ ಕಟ್ಟಿ ಸೀರೆಗಳ ನಡುವೆ ಇಡುತ್ತಾಳೆ. ಆಮೇಲೆ ನಾನು ಗೋಣಿತಟ್ಟು ಸುತ್ತಿ ಹೊಲಿಯುತ್ತೇನೆ.

ಆ ದಿನ ಮಧ್ಯಾಹ್ನ ಗಂಟು ಒಯ್ದೆ. ದುರಗೇಶ ಒತ್ತಿ ನೋಡಿದ.

"ಒಳಗ ಏನೈತ್ರಿ?"

"ಸೀರಿ. ಅವ್ವ ತುಂಬಿದ ಉಡಿ."

"ಉಡ್ಯಾಗ ಏನೈತ್ರಿ?"

ದಶರಥ ಹಣೆ ಬಡಿದುಕೊಂಡ. "ಯಪ್ಪಾ, ಇವತ್ತ ಉಡಿಗೂ ಬಂದ ನೋಡ ಇಂವ!"

ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮನೆಗೆ ಫೋನ್ ಹಚ್ಚಿದೆ.

"ಯವ್ವಾ, ಉಡ್ಯಾಗ ಏನೇನ್ ಹಾಕೀ ಬೇ?"

"ಯಾವಾಗ್ಲೂ ಹಾಕೂದ ಹಾಕೀನಿ. ಅಕ್ಕಿ, ಕೊಬ್ರಿ, ಅರಿಷಿಣ ಬೇರು. ಮತ್ತ ಆ ಕಲೆ ತಗಿಯೂ ಡಬ್ಬಿ ಒಂದ ಹಾಕೀನಿ."

ಮಗ್ಗದ ಎಣ್ಣೆ ಸೀರೆಗೆ ಬಿದ್ದರೆ ಒತ್ತಿ ಹೊಡೆಯುವ ಸ್ಪ್ರೇ ಡಬ್ಬಿ ಅದು.

"ಅದ್ಯಾಕ ಬೇ?"

"ಎಲ್ಲೆರ ಒಂದ ಹನಿ ಎಣ್ಣಿ ಕಂಡ್ರ ಪಾಪ ಅವ್ರು ಏನ್ ಮಾಡ್ಬೇಕೋ? ಒರಸ್ಕೊಳ್ಳಿ ಅಂತ ಹಾಕೀನಿ."

ಸ್ಪ್ರೇ ಡಬ್ಬಿ ಎಂದು ನಾನು ಹೇಳಿದ್ದೇ ತಡ, ದುರಗೇಶ ಗಂಟನ್ನು ಲಾರಿಯ ಹತ್ತಿರದಿಂದ ಎಳೆದು ನೆರಳಿಗೆ ಇಟ್ಟ.

"ಇದು ಹಿಂಗ ಹೋಗಂಗಿಲ್ರಿ. ಅದನ್ನ ತಗೀಬೇಕು."

ಫೋನಿನಲ್ಲಿ ಅವ್ವ ಕೇಳಿಸಿಕೊಂಡಳು. "ತುಂಬಿದ ಉಡಿ ಹಾದ್ಯಾಗ ಬಿಚ್ಚತಾರೇನೋ? ಕೈ ಹಚ್ಚಬ್ಯಾಡ. ನಾ ಬರ್ತೀನಿ."

ಕಾಂಚನಾ ಸ್ಕೂಟಿಯಲ್ಲಿ ಅವಳನ್ನು ಕರೆತಂದಳು. ಅಷ್ಟರಲ್ಲಿ ದಶರಥ ಲಾರಿ ಚಾಲೂ ಮಾಡಿದ್ದ. "ಒಂದ ಗಂಟಿಗೆ ಎಷ್ಟೊತ್ತ ನಿಂದ್ರೂದು? ಏನ್ ಮದುವಿ ಹೆಣ್ಣಿನ್ನ ಕಳಸಾಕತ್ತೀರೇನು?"

"ಹೌದೋ, ಹೆಣ್ಣಿನ್ನ ಕಳಸಾಕತ್ತೇನಿ!" ಎಂದಳು ಅವ್ವ. ದಶರಥ ಲಾರಿ ಬಂದ್ ಮಾಡಿದ.

ಅವ್ವ ಗಂಟಿನ ಮೇಲೆ ಕೈಯಿಟ್ಟು ಕೂತಳು. ದುರಗೇಶ ಅವಳ ಮುಂದೆ ನೆಲಕ್ಕೆ ಕೂತ. ಸುಟ್ಟ ಕೈ ಮುಂದೆ ಚಾಚಿದ.

"ಅವ್ವಾರ, ತೇರದಾಳ ರಸ್ತ್ಯಾಗ ಒಂದ ಗಾಡಿಗೆ ಬೆಂಕಿ ಹತ್ತಿ ಉರೀತ್ರಿ. ಅರಿವಿ ಗಂಟಿನ್ಯಾಗ ಯಾರೋ ಸ್ಪ್ರೇ ಡಬ್ಬಿ ಇಟ್ಟಿದ್ರು, ಹೇಳಿರಲಿಲ್ಲ. ಅದರಾಗ ಗ್ಯಾಸ್ ಒತ್ತಿ ತುಂಬಿರ್ತಾರ. ತಾಡಪತ್ರಿ ಕೆಳಗ ಬಿಸಲಿಗೆ ಕಾದು ಒಡೀತು. ಕ್ಲೀನರ್ ಒಳಗ ಮಲಗಿದ್ದ. ಅವನ್ನ ಎಳಿಯಾಕ ಹೋಗಿ ಹಿಂಗಾತು."

"ಅವ ಉಳಿದನೇನೋ ತಮ್ಮಾ?"

"ಉಳದ್ರಿ."

ಆದರೂ ಅವ್ವ ಗಂಟಿನ ಮೇಲಿನ ಕೈ ತೆಗೆಯಲಿಲ್ಲ. "ಉಡಿ ಬಿಚ್ಚಿದ್ರ ಮಗ್ಗಕ್ಕ ಕೆಟ್ಟಾಗತೈತಿ ಅಂತ ಅಂಜಿಕಿ ನಂಗ."

"ಅವ್ವಾರ, ನಿಮ್ಮ ಮಗಳ ಉಡ್ಯಾಗ ಗೊತ್ತಿದ್ದೂ ಬೆಂಕಿ ಕಟ್ಟಿ ಕಳಸ್ತೀರೇನ್ರಿ?"

ಅವ್ವ ನನ್ನ ಕಡೆ ತಿರುಗಿದಳು. "ಕತ್ತರಿ ತಾರೋ."

ಹೊಲಿಗೆಯನ್ನು ನಾನು ಬಿಚ್ಚಿದೆ, ಉಡಿಯನ್ನು ಅವಳೇ ಬಿಚ್ಚಿದಳು. ಡಬ್ಬಿ ಉದ್ದಕ್ಕೆ ಮಲಗಿತ್ತು. ಅದರ ಮೇಲಿನ ಮುಚ್ಚಳವೂ ಇರಲಿಲ್ಲ.

"ಹಂಗಾರ ಇದನ್ನ ಕಳಸಾಕ ಬರೂದ ಇಲ್ಲೇನು?" ಎಂದು ಅವ್ವ ಕೇಳಿದಳು.

"ಬರ್ತೈತ್ರಿ. ಮುಚ್ಚಳ ಗಟ್ಟಿ ಇರಬೇಕು, ಬ್ಯಾರೆ ರಟ್ಟಿನ ಡಬ್ಬ್ಯಾಗ ನಿಲ್ಲಿಸಿ ಇಡಬೇಕು. ಮ್ಯಾಲ ಗುರ್ತು ಹಚ್ಚಿ, ನಮಗ ಹೇಳಿ ಕಳಸಬೇಕು. ಅರಿವ್ಯಾಗ ಮುಚ್ಚಿಟ್ಟು ಮಾತ್ರ ಅಲ್ರಿ."

"ಇವತ್ತ ಬ್ಯಾಡ ತಗೋ. ಎಣ್ಣಿ ಇದ್ರ ಆ ವ್ಯಾಪಾರಿ ಹೆಂಡ್ತಿ ಸೋಪ್ ಹಚ್ಚಿ ಒಗೀಲಿ."

ದಶರಥನೂ ಕಾಂಚನಾಳೂ ನಕ್ಕರು. ಅವ್ವ ಹೊಸದಾಗಿ ಉಡಿ ಕಟ್ಟಿದಳು. ನಾನು ದಬ್ಬಣ ಎತ್ತಿಕೊಂಡೆ. ದುರಗೇಶ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಮುದುಡಿದ ಕೈಯಿಂದಲೇ ಗಂಟು ಹೊಲಿದ. ಅವನು ಬೇಕಾದರೆ ಗಂಟನ್ನು ಬದಿಗೆ ಸರಿಸಿ ಲಾರಿ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ದಶರಥ ಬೈಯುತ್ತಲೇ ನಿಂತ, ಬೈಯುತ್ತಲೇ ಗಂಟಿಗೆ ಹೆಗಲು ಕೊಟ್ಟ.

ಸೀರೆಗಳು ಹೊತ್ತಿಗೆ ಸರಿಯಾಗಿ ಮುಟ್ಟಿದವು. ವ್ಯಾಪಾರಿಯ ಹೆಂಡತಿ ಫೋನ್ ಮಾಡಿ, ಉಡಿಯನ್ನು ದೇವರ ಮುಂದೆ ಇಟ್ಟೆವು ಎಂದಳು. ಅವ್ವ ಆ ಮಾತನ್ನು ಓಣಿಗೆಲ್ಲ ಹೇಳಿದಳು. ನಿಂತ ಮಗ್ಗಗಳು ಈಗ ನಡೆಯುತ್ತಿವೆ. ಇದನ್ನು ಬರೆಯುವಾಗಲೂ ಸಪ್ಪಳ ಕೇಳುತ್ತಿದೆ.

ನನಗೆ ಹೆಚ್ಚು ಮಾತು ಬರುವುದಿಲ್ಲ. ದುರಗೇಶನಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು. ಒಂದು ಶುಕ್ರವಾರ ಅವನನ್ನೂ ಅವನ ಹೆಂಡತಿ ಶೇವಂತಿಯನ್ನೂ ಊಟಕ್ಕೆ ಕರೆದಳು. ಊಟವಾದ ಮೇಲೆ ನಮ್ಮ ಮಗ್ಗದ್ದೇ ಸೀರೆ ಕೊಟ್ಟು ಶೇವಂತಿಯ ಉಡಿ ತುಂಬಿದಳು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ದುರಗೇಶ ತಿರುಗಿ ನೋಡಿದ. ಆ ದಿನ ಮೊದಲ ಸಲ ಅವನು ನಕ್ಕಿದ್ದನ್ನು ಕಂಡೆ.

"ಉಡ್ಯಾಗ ಏನೈತ್ರಿ ಅವ್ವಾರ?"

"ಬಿಚ್ಚಿ ನೋಡ್ಕೋ ಹೋಗೋ, ನಮ್ಮಪ್ಪಾ" ಎಂದಳು ಅವ್ವ.