ಮಕ್ಬೂಲನ ಮೂರು ಬೆರಳು

ಕಳೆದ ವಾರ ಯಲಹಂಕದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ, "ಪಾದಕ್ಕೆ ಮುಟ್ಟಿಸ್ತೀನಿ, ಗೊತ್ತಾದಾಗ ಹೇಳಿ ತಾತ" ಅಂದರು. ಕಾದೆ, ಕಾದೆ. "ಯಾವಾಗ ಶುರು ಮಾಡ್ತೀರಮ್ಮ?" ಎಂದೆ.

"ಮುಗೀತಲ್ಲ ತಾತ."

ಶುಗರ್ ಪಾದದ ನರಗಳನ್ನು ಕೆಡಿಸಿದೆಯಂತೆ. ನನ್ನದು ಎಸ್ಸೆಸ್ಸೆಲ್ಸಿ ಓದು, ಅದೂ ವಿಜ್ಞಾನದಲ್ಲಿ ಅಂಚಿನಲ್ಲಿ ಪಾಸು. ಆದರೂ ಜೀವನವಿಡೀ ಮೋಟಾರಿಗೆ ತಂತಿ ಸುತ್ತಿದವನ ಗತ್ತಿನಲ್ಲಿ ವಾದಕ್ಕಿಳಿದೆ. "ಲೈನೇ ಹೋಗಿದ್ರೆ ಕಾಲು ನಡೀತಿತ್ತಾ?"

ಆಕೆ ಚೀಟಿಯ ಹಿಂದೆ ಚಿತ್ರ ಬರೆದರು. ಒಂದು ನರವೆಂದರೆ ಸಾವಿರಾರು ಎಳೆಗಳ ಕಟ್ಟು. ನಮ್ಮ ತಾಮ್ರದ ತಂತಿಗೆ ಇನಾಮಲ್ ಇರುವ ಹಾಗೆ ಹಲವು ಎಳೆಗಳಿಗೆ ಕವಚ. ಕೆಲವು ಸ್ನಾಯುವಿಗೆ ಅಪ್ಪಣೆ ಒಯ್ಯುತ್ತವೆ, ಕೆಲವು ಚರ್ಮದ ಸುದ್ದಿಯನ್ನು ಮೇಲಕ್ಕೆ ತರುತ್ತವೆ. "ಅಲ್ಲಾಡೋದೇ ಬೇರೆ, ಗೊತ್ತಾಗೋದೇ ಬೇರೆ ತಾತ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಗೊರಗುಂಟೆಪಾಳ್ಯದಲ್ಲಿ ನನ್ನ ವೈಂಡಿಂಗ್ ಅಂಗಡಿ ಇದ್ದಾಗ ಮಕ್ಬೂಲ್ ಎಂಬ ಕೆಲಸಗಾರನಿದ್ದ. ಕೂದಲಿನಷ್ಟು ಸಣ್ಣ ತಂತಿಯನ್ನೂ ನೋಡದೆ, ಬೆರಳಲ್ಲೇ ಎಣಿಸಿ ಸುತ್ತುತ್ತಿದ್ದ. ನನಗೆ ಆ ಕೈ ಬರಲಿಲ್ಲ; ಹೊಟ್ಟೆಕಿಚ್ಚೂ ಇತ್ತೆಂದು ಈಗ ಒಪ್ಪುತ್ತೇನೆ. ಒಂದು ದಿನ ತಗಡು ಅವನ ಬಲ ಮಣಿಕಟ್ಟನ್ನು ಕುಯ್ದಿತು. ಹೊಲಿಗೆ ಹಾಕಿಸಿಕೊಂಡು ತಿಂಗಳುಗಟ್ಟಲೆ ಕಳೆದು ಬಂದ.

"ಬೆರಳು ಮಡಚ್ತದೆ ಅಣ್ಣ. ಈ ಮೂರಕ್ಕೆ ತಂತಿ ಗೊತ್ತಾಗಲ್ಲ," ಎಂದು ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದ.

"ಟೀ ಲೋಟ ಹಿಡಿಯೋಕೆ ಆಗ್ತದೆ, ತಂತಿಗೆ ಮಾತ್ರ ಆಗಲ್ವಾ? ನಾಟಕ ಬಿಡು ಗುರು," ಎಂದೆ. ಅಂಗಡಿಯವರೆಲ್ಲ ನಕ್ಕರು.

ನಗು ಸಾಲದೆ ಪರೀಕ್ಷೆ ಮಾಡಲು ಹೊರಟೆ. ಅವನು ಬೆಂಚಿನ ಮೇಲೆ ಕೈಯಿಟ್ಟು ಆಚೆ ತಿರುಗಿ ಮಾತಾಡುತ್ತಿದ್ದಾಗ, ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅವನ ತೋರುಬೆರಳಿಗೆ ತಾಗಿಸಿದೆ. ಕೈ ಎಳೆದುಕೊಳ್ಳುತ್ತಾನೆ, ಸಿಕ್ಕಿಬೀಳುತ್ತಾನೆ ಎಂದುಕೊಂಡಿದ್ದೆ. ಎಳೆದುಕೊಳ್ಳಲಿಲ್ಲ. ಮಾತು ಮುಂದುವರಿಸಿದ. ಚರ್ಮ ಸುಟ್ಟ ವಾಸನೆ ಬಂದಾಗಲೇ ತಿರುಗಿದ. ಅಷ್ಟರಲ್ಲಿ ಐರನ್ ಬೆಂಚಿನ ಮೇಲಿತ್ತು.

"ನೋಡ್ಕೊಂಡು ಇಡ್ಬಾರ್ದೇನೋ ಕೈ?" ಎಂದು ನಾನೇ ಗದರಿಸಿದೆ.

ಮಾರನೆಯ ದಿನದಿಂದ ಅವನು ಬರಲಿಲ್ಲ. ನಾನೂ ಕರೆಯಲಿಲ್ಲ.

ನಿನ್ನೆ, ಹಳೆಯ ಕೆಲಸಗಾರರಲ್ಲಿ ವಿಳಾಸ ಕೇಳಿಕೊಂಡು, ಅವನನ್ನು ಹುಡುಕಿ ಆರ್.ಟಿ. ನಗರಕ್ಕೆ ಹೋದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಇದ್ದೆ. ಮಸೀದಿಯ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ ಮನೆ. ಮಕ್ಬೂಲ್ ನನ್ನನ್ನು ಕಂಡು ಹಿಗ್ಗಿದ. ಕುರ್ಚಿ ಒರೆಸಿ ಕೂರಿಸಿ, ಒಳಗಿದ್ದ ಹೆಂಡತಿಗೆ ಚಹಾ ಇಡಲು ಹೇಳಿದ.

"ಆಮೇಲೆ ಕೆಲಸ?" ಎಂದೆ.

"ಗೇಟು ಕಾಯೋದು ಅಣ್ಣ. ಬೆಂಕಿ, ಚಾಕು, ಮಿಷಿನ್ ಹತ್ರ ಹೋಗಲ್ಲ. ಅವತ್ತು ನಾನಾಗೇ ಹೋಗಿ ಬಿಸಿ ಐರನ್ ಮೇಲೆ ಕೈ ಇಟ್ಟೆನಲ್ಲ? ಆಮೇಲೆ ಈ ಕೈ ನಂಬೋಕಾಗ್ಲಿಲ್ಲ. ನನ್ನ ಮಕ್ಕಳನ್ನೂ ಇದರಲ್ಲಿ ಎತ್ತಿಲ್ಲ."

ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ ವಾಕ್ಯ: "ನೀನು ಇಟ್ಟಿಲ್ಲ ಮಕ್ಬೂಲ್, ನಾನೇ ತಾಗಿಸಿದೆ."

ಅವನು ನನ್ನನ್ನು ನೋಡಲಿಲ್ಲ. ಬಲಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಒಳಕ್ಕೆ ಕೂಗಿ ಹೇಳಿದ, "ಚಾಯ್ ನಕ್ಕೋ." ಲೋಟಕ್ಕೆ ಚಹಾ ಸೋಸುತ್ತಿದ್ದ ಸದ್ದು ನಿಂತಿತು.

ನಾನು ಎದ್ದೆ. ಅವನು ತಡೆಯಲಿಲ್ಲ. ಮೆಟ್ಟಿಲಿಳಿಯುತ್ತಿದ್ದಾಗ, ತಾನು ಅವತ್ತು ಐರನ್ ಮುಟ್ಟಿರಲೇ ಇಲ್ಲವಂತೆ ಎಂದು ಅವನು ಉರ್ದುವಿನಲ್ಲಿ ಹೆಂಡತಿಗೆ ಹೇಳುವುದು ಕೇಳಿಸಿತು. ಅವಳಿಗೆ ಅರ್ಥವಾಗಲಿಲ್ಲವೇನೋ, ಮತ್ತೊಮ್ಮೆ ಹೇಳಿದ, ಈ ಸಲ ಜೋರಾಗಿ.