ಪಿಚ್ಚಿಗೆ ಅಂಟಿಕೊಂಡ ಕನ್ನಡಿ

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಪೀಣ್ಯದ ಒಂದು ಆಪ್ಟಿಕ್ಸ್ ಕಾರ್ಖಾನೆಯಲ್ಲಿ ಲೆನ್ಸ್ ಪಾಲಿಶಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದ ನಾನು ನಿವೃತ್ತಳಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮಲಗುವ ಅಭ್ಯಾಸ ಮಾಡಿಕೊಳ್ಳಲು ಪ್ರಯತ್ನಿಸಿ ಸೋಲುತ್ತಿದ್ದ ದಿನಗಳು ಅವು. ಒಂದು ಶುಕ್ರವಾರ ಹಾಗೆ ಹೊರಳಾಡುತ್ತಿದ್ದಾಗ ಗೇಟಿನ ಸದ್ದಾಯಿತು. ಹೊರಗೆ ರೇಣುಕಾ ನಿಂತಿದ್ದಳು. ಕೈಯಲ್ಲಿ ಬಕೆಟ್ಟು, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಭಾರವಾದ ಏನೋ ಒಂದು.

“ಮೇಡಂ, ಇವೆರಡಕ್ಕೂ ಲಗ್ನ ಆಗಿಬಿಟ್ಟದ್ರಿ,” ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಟವೆಲ್ ಬಿಡಿಸಿದೆ. ಆರು ಇಂಚು ಅಗಲದ ಎರಡು ಗಾಜಿನ ಬಿಲ್ಲೆಗಳು, ನಡುವೆ ಕಪ್ಪು ಪಿಚ್. ಹಿಡಿದೆಳೆದರೂ ಜಾರಿಸಿದರೂ ಒಂದನ್ನೊಂದು ಬಿಡಲೊಲ್ಲವು.

ರೇಣುಕಾ ಯಾದಗಿರಿಯ ಕಡೆಯವಳು. ನಮ್ಮ ವಿಭಾಗದಲ್ಲೇ ಲೆನ್ಸುಗಳನ್ನು ತೊಳೆದು ಗೀರು ಪರೀಕ್ಷಿಸುವ ಕೆಲಸ ಅವಳದು. ಗಂಡ ಶರಣಪ್ಪ ಕಟ್ಟಡಗಳಿಗೆ ಟೈಲ್ಸ್ ಹಾಕುತ್ತಾನೆ. ಹಿಂದಿನ ವರ್ಷ ಯಾವುದೋ ಪಾರ್ಕಿನಲ್ಲಿ ಹವ್ಯಾಸಿಗಳು ದೂರದರ್ಶಕ ಇಟ್ಟು ಜನರಿಗೆ ಚಂದ್ರನನ್ನು ತೋರಿಸಿದ್ದರಂತೆ. ಉದ್ದನೆಯ ಸಾಲಿನಲ್ಲಿ ನಿಂತು ಇವಳ ಸರದಿ ಬಂದಾಗ, ಕಣ್ಣು ಹೊಂದುವಷ್ಟರಲ್ಲೇ ಮುಂದೆ ಹೋಗಿ ಎಂದರಂತೆ. ಮರುದಿನ ಕೆಲಸಕ್ಕೆ ಬಂದವಳೇ, “ಮೇಡಂ, ಮನಿಯಾಗ ದುರ್ಬೀನು ಮಾಡ್ಲಿಕ್ಕೆ ಬರ್ತದೇನ್ರಿ?” ಎಂದು ಕೇಳಿದ್ದಳು. ಬರುತ್ತದೆ, ತಾಳ್ಮೆ ಬೇಕು ಎಂದಿದ್ದೆ. ತಿಂಗಳುಗಟ್ಟಲೆ, ರಜೆಯ ದಿನಗಳಲ್ಲೆಲ್ಲ, ತಾರಸಿಯ ಮೇಲಿನ ತಮ್ಮ ತಗಡಿನ ರೂಮಿನಲ್ಲಿ ಒಂದು ಡ್ರಮ್ಮಿನ ಮೇಲೆ ಬಿಲ್ಲೆ ಕೂರಿಸಿ, ಅದರ ಸುತ್ತ ತಿರುಗುತ್ತಾ ಅವಳು ಗಾಜನ್ನು ಗಾಜಿನ ಮೇಲೆ ತೇಯ್ದಳು. ಮೇಲಿನ ಬಿಲ್ಲೆ ನಿಧಾನವಾಗಿ ತಟ್ಟೆಯಂತೆ ಒಳಬಾಗಿತು. ದೂರದರ್ಶಕದಲ್ಲಿ ಬೆಳಕನ್ನು ಒಟ್ಟುಗೂಡಿಸುವ ಅವಳ ಕನ್ನಡಿ ಅದೇ.

ತೇಯ್ದ ಗಾಜು ಮಂಜು ಹಿಡಿದಂತೆ ಕಾಣುತ್ತದೆ. ಅದನ್ನು ಹೊಳೆಯುವಂತೆ ಮಾಡುವುದು ಪಿಚ್ ಲ್ಯಾಪ್. ಪಿಚ್ ಎಂದರೆ ಮರದ ರಾಳದಿಂದ ಮಾಡಿದ, ನೋಡಲು ಡಾಂಬರಿನಂಥ ಪದಾರ್ಥ. ಕೆಳಗಿನ ಬಿಲ್ಲೆಯ ಮೇಲೆ ಅದನ್ನು ಕರಗಿಸಿ ಸುರಿದು, ಆರುವ ಮೊದಲೇ ಕನ್ನಡಿಯನ್ನು ಒತ್ತಿ ಅದರ ಆಕಾರ ಮೂಡಿಸಿಕೊಂಡರೆ ಲ್ಯಾಪ್ ಸಿದ್ಧ. ಮೇಲೆ ಸೀರಿಯಂ ಆಕ್ಸೈಡ್ ಎಂಬ ನುಣುಪಾದ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಿ ಉಜ್ಜುತ್ತಾರೆ. ಪಿಚ್ಚಿನ ವಿಶೇಷವೆಂದರೆ ಅದು ಕಲ್ಲಿನಂತೆ ಗಟ್ಟಿಯೂ ಹೌದು, ಜೇನಿನಂತೆ ಹರಿಯುವುದೂ ಹೌದು. ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುತ್ತದೆ, ಸುಮ್ಮನೆ ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೆ ಎನ್ನುವುದು ಶಾಖಕ್ಕೆ ಬಿಟ್ಟದ್ದು.

ಎರಡು ದಿನ ಕೆಲಸಕ್ಕೆ ರಜೆ ಹಾಕಿದ್ದ ಅವಳು ಅಂದು ಬೆಳಿಗ್ಗೆ ಪಾಲಿಶನ್ನು ಬಹುಪಾಲು ಮುಗಿಸಿದ್ದಳಂತೆ. ಅಷ್ಟರಲ್ಲಿ ಊರಿನಿಂದ ಅವಳ ತಾಯಿ ನೀಲಮ್ಮ ಬಸ್ಸಿಳಿದ ಫೋನು ಬಂತು. ಕನ್ನಡಿಯನ್ನು ಲ್ಯಾಪಿನ ಮೇಲೇ ಬಿಟ್ಟು ರೇಣುಕಾ ಮೆಜೆಸ್ಟಿಕ್ಕಿಗೆ ಓಡಿದ್ದಳು. ತಗಡಿನ ಸೂರು ಕಾದು, ಪಿಚ್ ಮೆತ್ತಗಾಗಿ, ನಡುವಿನ ನೀರು ಆರಿ, ಎರಡೂ ಒಂದಾಗಿದ್ದವು.

“ಅವ್ವ ಭಾನುವಾರ ರಾತ್ರಿ ಬಸ್ಸಿಗೆ ಹೊಂಟುಬಿಡ್ತಾಳ್ರಿ. ನಿನಗ ಚಂದ್ರನ್ನ ತೋರಸ್ತೀನಿ ಅಂತ ಹೇಳೇ ಕರಸೀನಿ. ಸ್ಟವ್ ಮ್ಯಾಲೆ ಬಿಸಿ ಮಾಡ್ಲೇನ್ರಿ?”

“ಬೇಡ ಮಾರಾಯ್ತಿ! ಒಂದು ಕಡೆ ಮಾತ್ರ ಬಿಸಿಯಾದ್ರೆ ಗಾಜು ಸೀಳಿ ಹೋಗುತ್ತೆ. ಇದಕ್ಕೆ ಬೇಕಾಗಿರೋದು ಚಳಿ.”

ತಂಪಾದಂತೆ ಪಿಚ್ ಪೆಡಸಾಗುತ್ತದೆ, ಪೆಡಸಾದದ್ದು ಒಂದು ಪೆಟ್ಟು ಬಿದ್ದರೆ ಬಿಟ್ಟುಕೊಡುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆಂದೇ ಫ್ರೀಜರ್ ಇತ್ತು. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಆ ಜೋಡಿ ಹಿಡಿಸಲಿಲ್ಲ. ಬಕೆಟ್ ಹಿಡಿದು ಇಬ್ಬರೂ ಮೂಲೆಯ ಐಸ್‌ಕ್ರೀಮ್ ಅಂಗಡಿಗೆ ಹೋದೆವು. ಅಂಗಡಿಯ ಮಂಜಣ್ಣ ಕೌಂಟರಿನಿಂದ ಹೊರಗೆ ಬಂದು ಬಗ್ಗಿ ನೋಡಿದ.

“ಏನಕ್ಕಾ ಇದು? ಬಾಂಬು ಗೀಂಬು ಅಲ್ಲ ತಾನೆ?”

“ಟೆಲಿಸ್ಕೋಪಿನ ಕನ್ನಡಿ ಕಣೋ. ಸ್ವಲ್ಪ ಹೊತ್ತು ನಿನ್ನ ಫ್ರೀಜರಲ್ಲಿ ಜಾಗ ಕೊಡು.”

“ಕುಲ್ಫಿ ಪಕ್ಕ ಇಡ್ತೀನಿ. ಆದ್ರೆ ಚಂದ್ರನ್ನ ನಂಗೂ ತೋರಿಸ್ಬೇಕು,” ಎಂದ.

ಗಾಜಿಗೆ ಥಟ್ಟನೆ ಚಳಿಯೂ ಆಗದು. ಮೊದಲು ಟವೆಲ್ ಸುತ್ತಿಯೇ ಜ್ಯೂಸ್ ಬಾಟಲಿಗಳ ಕಪಾಟಿನಲ್ಲಿಟ್ಟು, ಆಮೇಲೆ ಫ್ರೀಜರಿಗೆ ಸೇರಿಸಿದೆವು. ಅಂಗಡಿಗೆ ಬಂದವರಿಗೆಲ್ಲ ಮಂಜಣ್ಣ ಮುಚ್ಚಳ ತೆಗೆದು, “ಒಳಗಡೆ ಟೆಲಿಸ್ಕೋಪ್ ಐತೆ ನೋಡಿ ಸಾರ್,” ಎಂದು ಹೆಮ್ಮೆಯಿಂದ ತೋರಿಸುತ್ತಿದ್ದ. ಹಾಗೆ ತೆಗೆದಾಗಲೆಲ್ಲ ರೇಣುಕಾ, “ಮುಚ್ಚಣ್ಣ, ಚಳಿ ಹೋಗ್ತದ,” ಎಂದು ಗದರುತ್ತಿದ್ದಳು.

ಸಂಜೆ ಹೊರಗೆ ತೆಗೆದಾಗ ಜೋಡಿಯ ಮೇಲೆ ಬಿಳಿಯ ಹಿಮ ಕೂತಿತ್ತು. ರೇಣುಕಾ ಎರಡೂ ಕೈಯಲ್ಲಿ ಕನ್ನಡಿಯನ್ನು ಹಿಡಿದುಕೊಂಡಳು. ಕೆಳಗಿನ ಬಿಲ್ಲೆಯ ಅಂಚಿಗೆ ಮರದ ತುಂಡು ಆನಿಸಿ ನಾನು ಮೆಲ್ಲಗೆ ತಟ್ಟಿದೆ. ಅಲುಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ತಟ್ಟಿದೆ. ‘ಟಪ್’ ಎಂಬ ಸದ್ದಿನೊಂದಿಗೆ ಬಿಲ್ಲೆಗಳು ಬೇರೆಯಾದವು. ಪಿಚ್ಚಿನ ಚೂರುಗಳು ಕೌಂಟರಿನ ತುಂಬ ಸಿಡಿದವು. ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಚಕ್ಕೆ ಹಾರಿದ್ದು ಬಿಟ್ಟರೆ ಕನ್ನಡಿಗೆ ಏನೂ ಆಗಿರಲಿಲ್ಲ. ರೇಣುಕಾ ಅದನ್ನು ಎದೆಗವಚಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಲ್ಯಾಪ್ ಮಾತ್ರ ಹಾಳಾಗಿತ್ತು. ಶನಿವಾರ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಹೊಸದನ್ನು ಮಾಡಲು ಕುಳಿತೆವು. ಸಮಸ್ಯೆ ನನಗೆ ಅರ್ಥವಾಗಿತ್ತು. ಅವಳು ಕೊಂಡು ತಂದಿದ್ದ ಪಿಚ್ ಒಳ್ಳೆಯದೇ, ಆದರೆ ಅದು ಇಪ್ಪತ್ತೆರಡು ಡಿಗ್ರಿಯ ಎ.ಸಿ. ಕೋಣೆಗೆಂದು ತಯಾರಾದದ್ದು. ಬೇಸಿಗೆಯ ಬಾಗಲಗುಂಟೆಗೆ ಇನ್ನೂ ಗಟ್ಟಿಯಾದದ್ದು ಬೇಕು. ಗಟ್ಟಿ ಮಾಡಲು ರಾಳದ ಪುಡಿ ಸೇರಿಸಬೇಕು. ಎಷ್ಟು ಎಂಬುದಕ್ಕೆ ನನ್ನ ಬಳಿಯೂ ಲೆಕ್ಕವಿರಲಿಲ್ಲ. ಕಾರ್ಖಾನೆಯಲ್ಲಿ ಡಬ್ಬದ ಮೇಲಿನ ಗ್ರೇಡ್ ನೋಡಿ ತೆಗೆದುಕೊಳ್ಳುತ್ತಿದ್ದೆವು, ಅಷ್ಟೆ. ಬೆಳಗಿನ ಗಾಳಿಗೆ ಸಣ್ಣ ಉರಿಯ ಮುಂದೆ ಕುಳಿತಾಗ ಕೆಲಸಕ್ಕೆ ಹೊಸದಾಗಿ ಸೇರಿದ ದಿನಗಳ ಹುರುಪೇ ಮತ್ತೆ ಬಂದಂತಾಯಿತು.

ಪಿಚ್ಚಿಗೆ ಬೆಂಕಿ ಹಿಡಿದರೆ ಕಷ್ಟ. ಹಾಗಾಗಿ ಪಕ್ಕದಲ್ಲೇ ಮುಚ್ಚಳ ಇಟ್ಟುಕೊಂಡು ನಿಧಾನವಾಗಿ ಕರಗಿಸಿದೆವು. ಚಿಟಿಕೆಯಷ್ಟನ್ನು ತಣ್ಣೀರಿಗೆ ಬಿಡುವುದು, ಆರಿದ ಮೇಲೆ ಉಗುರಿನಿಂದ ಒತ್ತುವುದು, ಉಗುರು ಸುಲಭವಾಗಿ ಇಳಿದರೆ ಮತ್ತಷ್ಟು ರಾಳ ಹಾಕುವುದು. ಮಗಳ ಜೊತೆ ಬಂದು ಹಿತ್ತಲ ಜಗುಲಿಯ ಮೇಲೆ ಕುಳಿತು ನೋಡುತ್ತಿದ್ದ ನೀಲಮ್ಮನವರಿಗೆ ನಗು ತಡೆಯಲಿಲ್ಲ.

“ಅಕ್ಕಾರ, ಇದೇನ್ರಿ, ಉಂಡಿಗೆ ಬೆಲ್ಲದ ಪಾಕ ನೋಡಿದಂಗ ನೋಡ್ಲಿಕತ್ತೀರಿ?”

“ಹೆಚ್ಚು ಕಡಿಮೆ ಅದೇ ನೀಲಮ್ಮೋರೆ. ತಿನ್ನೋಕೆ ಮಾತ್ರ ಬರಲ್ಲ.”

“ವಾಸನಿ ನೋಡಿದರ ಗೊತ್ತಾಗ್ತದ ಬಿಡ್ರಿ,” ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ರಸ್ತೆಗೆ ಡಾಂಬರು ಹಾಕುತ್ತಿದ್ದಾರೆಯೇ ಎಂದು ಆಸೆಯಿಂದ ವಿಚಾರಿಸಿ ಹೋದರು.

ಉಗುರಿನ ಗುರುತು ನಿಧಾನವಾಗಿ, ಒತ್ತಿ ಹಿಡಿದರೆ ಮಾತ್ರ ಮೂಡುವ ಹದ ಬಂದಾಗ ಒಲೆ ಆರಿಸಿದೆ. ಬಿಲ್ಲೆಯ ಸುತ್ತ ಟೇಪಿನ ಗೋಡೆ ಕಟ್ಟಿ ಪಿಚ್ ಸುರಿದೆವು. ರೇಣುಕಾ ಬಿಸಿನೀರಿನಲ್ಲಿ ಬೆಚ್ಚಗಾಗಿಸಿದ ಕನ್ನಡಿಗೆ ಸೋಪಿನ ನೀರು ಸವರಿ, ಮೆಲ್ಲಗೆ ಮೇಲಿಟ್ಟು ಒತ್ತಿದಳು. ತೆಗೆದು ನೋಡಿದರೆ ಒಂದು ಪಕ್ಕ ಆಕಾರ ಮೂಡಿರಲಿಲ್ಲ. ಇಡೀ ಲ್ಯಾಪನ್ನು ಬಿಸಿನೀರಿನಲ್ಲಿಳಿಸಿ ಮತ್ತೆ ಒತ್ತಿದೆವು. ಈ ಸಲ ಎಲ್ಲೆಡೆ ಒಂದೇ ಸಮ ಕೂತಿತು. ಆಮೇಲೆ ಪಿಚ್ಚಿನಲ್ಲಿ ಅಡ್ಡಡ್ಡ ಉದ್ದುದ್ದ ಕಾಲುವೆಗಳನ್ನು ಕೊಯ್ಯಬೇಕು. ಇಲ್ಲದಿದ್ದರೆ ಪುಡಿಯ ನೀರು ಹರಿದಾಡದೆ ಕನ್ನಡಿ ಲ್ಯಾಪಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆ ಕೆಲಸಕ್ಕೆ ಕುಳಿತವನು ಶರಣಪ್ಪ. ಅಡಿಪಟ್ಟಿ ಇಟ್ಟು ಬ್ಲೇಡಿನಲ್ಲಿ ಕೊಯ್ಯುತ್ತಾ, “ಟೈಲ್ಸ್ ಹಾಕಿದಂಗಽ ಕಾಣ್ತದ. ಇದಕ್ಕ ಕೂಲಿ ಯಾರು ಕೊಡ್ತಾರ?” ಎಂದ. “ಚಂದ್ರ ಕೊಡ್ತಾನ,” ಎಂದಳು ಹೆಂಡತಿ.

ಡ್ರಮ್ಮು ನಮ್ಮ ಮನೆಯ ತಂಪಾದ ನಡುಮನೆಗೆ ಬಂತು. ಶನಿವಾರ ಸಂಜೆಯೂ ಭಾನುವಾರ ಬೆಳಿಗ್ಗೆಯೂ ರೇಣುಕಾ ಪಾಲಿಶ್ ಮಾಡಿದಳು. ಹೊಸ ಲ್ಯಾಪ್ ಮೇಲೆ ಕನ್ನಡಿ ಎಲ್ಲೂ ಜಗ್ಗದೆ, ಎಲ್ಲೂ ಜಾರದೆ ಓಡಾಡಿತು. ಹದವಾದ ಲ್ಯಾಪಿನ ಮೇಲೆ ಕೈಗೆ ಸಿಗುವ ಆ ಸಮನಾದ ಎಳೆತ, ಆ ಸಣ್ಣ ಸರಸರ ಸದ್ದು ನನಗೆ ಯಾವ ಸಂಗೀತಕ್ಕೂ ಕಡಿಮೆಯಲ್ಲ.

ಮಧ್ಯಾಹ್ನ ಕಿಟಕಿ ಮುಚ್ಚಿ, ಸಣ್ಣ ಬೆಳಕು ಮತ್ತು ಬ್ಲೇಡಿನ ಅಂಚು ಬಳಸಿ ಕನ್ನಡಿಯ ಮೇಲ್ಮೈ ಪರೀಕ್ಷಿಸಿದೆ. ನಡುಭಾಗ ಚೆನ್ನಾಗಿತ್ತು, ಅಂಚು ಕೊಂಚ ಇಳಿದಿತ್ತು. ಕಾರ್ಖಾನೆಯಲ್ಲಾಗಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತಿದ್ದೆ. ಇನ್ನೂ ಕೆಲಸವಿದೆ ಎಂದು ಅವಳಿಗೆ ಹೇಳಿದೆ.

“ಇದರಾಗ ಚಂದ್ರ ಕಾಣ್ತಾನೇನ್ರಿ?”

“ಕಾಣ್ತಾನೆ.”

“ಹಂಗಾದ್ರ ಇವತ್ತಿಗೆ ಸಾಕ್ರಿ. ಉಳಿದದ್ದು ಅವ್ವ ಹೋದಮ್ಯಾಲೆ.”

ಕನ್ನಡಿಗೆ ಇನ್ನೂ ಅಲ್ಯೂಮಿನಿಯಂ ಲೇಪನ ಆಗಿರಲಿಲ್ಲ. ಬರೀ ಗಾಜು ಬಿದ್ದ ಬೆಳಕಿನಲ್ಲಿ ಬಹಳ ಸ್ವಲ್ಪವನ್ನಷ್ಟೇ ಹಿಂತಿರುಗಿಸುತ್ತದೆ. ನಕ್ಷತ್ರಗಳಿಗೆ ಅದು ಸಾಲದು. ಚಂದ್ರನಿಗೆ ಧಾರಾಳವಾಗಿ ಸಾಕು. ಶರಣಪ್ಪ ಎಂಟು ಇಂಚಿನ ಪಿವಿಸಿ ಪೈಪಿನ ಕೊಳವೆಯನ್ನು ಮೊದಲೇ ಸಿದ್ಧಪಡಿಸಿದ್ದ. ಕಣ್ಣಿಡುವ ಲೆನ್ಸು, ಒಳಗಿನ ಪುಟ್ಟ ಓರೆಗನ್ನಡಿ ನಾನು ಕೊಟ್ಟಿದ್ದೆ.

ಸೂರ್ಯ ಮುಳುಗುವ ಹೊತ್ತಿಗೆ ಅರ್ಧಚಂದ್ರ ನೆತ್ತಿಯ ಹತ್ತಿರವಿದ್ದ. ನಮ್ಮ ತಾರಸಿಯ ಮೇಲೆ ಕೊಳವೆಯನ್ನು ಕುರ್ಚಿಗೆ ಒರಗಿಸಿ ರೇಣುಕಾ ಹುಡುಕತೊಡಗಿದಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಅಂಗಡಿ ಬಿಟ್ಟು ಬಂದಿದ್ದ ಮಂಜಣ್ಣ, “ಮೋಡ ಐತೇನೋ,” ಎಂದು ಶುಭ್ರ ಆಕಾಶವನ್ನು ನೋಡಿದ. ಇದ್ದಕ್ಕಿದ್ದಂತೆ ರೇಣುಕಾಳ ಮುಖದ ಮೇಲೆ ಬೆಳಕಿನ ಚುಕ್ಕೆಯೊಂದು ಹರಿದು ಹೋಯಿತು. “ಸಿಕ್ಕ! ಸಿಕ್ಕ!” ಎಂದು ಕೂಗಿದಳು. ತಾನು ನೋಡದೆ ಮೊದಲು ತಾಯಿಯನ್ನು ಸ್ಟೂಲಿನ ಮೇಲೆ ಕೂರಿಸಿದಳು.

ನೀಲಮ್ಮ ಪೊರೆ ಆಪರೇಷನ್ ಆದ ಕಣ್ಣನ್ನು ಲೆನ್ಸಿಗೆ ಇಟ್ಟರು. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ಆಮೇಲೆ, “ಯವ್ವಾ! ಚಂದಪ್ಪನ ಮೈಯಾಗ ಇಷ್ಟೊಂದು ತಗ್ಗು ಬಿದ್ದಾವ? ಯಾರರ ಅಗದು ಹಂಗಽ ಬಿಟ್ಟಾರೇನ?” ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, “ಏ ರೇಣುಕಾ, ಹಿಡಿ ಹಿಡಿ, ಓಡ್ಲಿಕತ್ತಾನ!”

“ಓಡ್ತಿರೋದು ಚಂದ್ರ ಅಲ್ಲ ನೀಲಮ್ಮೋರೆ,” ಎಂದೆ. “ಭೂಮಿ ತಿರುಗ್ತಾ ಇದೆ. ನಾವೇ ಓಡ್ತಾ ಇದೀವಿ.”

ಅವರು ಥಟ್ಟನೆ ಎರಡೂ ಕೈಯಲ್ಲಿ ಸ್ಟೂಲಿನ ಅಂಚನ್ನು ಹಿಡಿದುಕೊಂಡರು. “ಮೊದಲಽ ಹೇಳಬಾರದೇನ್ರಿ ಅಕ್ಕಾರ, ಗಟ್ಟಿ ಹಿಡಕೊಂಡು ಕೂಡ್ತಿದ್ದೆ!”

ತಾರಸಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನೀಲಮ್ಮನವರೂ ನಕ್ಕರು, ಆದರೆ ಕಣ್ಣನ್ನು ಲೆನ್ಸಿನಿಂದ ತೆಗೆಯಲಿಲ್ಲ, ಸ್ಟೂಲನ್ನೂ ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಶರಣಪ್ಪ ಆಟೊ ತಂದು ನಿಲ್ಲಿಸಿದ ಮೇಲೆ, ಕೆನ್ನೆಯ ಮೇಲೆ ಲೆನ್ಸಿನ ದುಂಡು ಅಚ್ಚು ಹೊತ್ತು ಅವರು ಮೆಟ್ಟಿಲಿಳಿದರು.

ಆ ಕನ್ನಡಿಯ ಅಂಚು ಮುಂದಿನ ಮಳೆಗಾಲದಲ್ಲಿ ಸರಿಯಾಯಿತು, ಲೇಪನವೂ ಆಯಿತು. ಈಗ ನಮ್ಮ ಹಿತ್ತಲಿನಲ್ಲಿ ಆಗಾಗ ಬೇರೆಯವರ ಪಿಚ್ಚೂ ಕರಗುತ್ತದೆ. ಕಲಿಸುವವಳು ರೇಣುಕಾ. ಪಿಚ್ಚನ್ನು ಡಬ್ಬದ ಮೇಲಿನ ಗ್ರೇಡಿಗಲ್ಲ, ಅದು ಕೆಲಸ ಮಾಡುವ ಕೋಣೆಗೆ ಹದ ಮಾಡಬೇಕು ಎಂಬುದು ಆ ಮೂರು ದಿನ ನನಗೆ ಕಲಿಸಿದ ಪಾಠ ಎಂದು ಮೊದಲು ಅಂದುಕೊಂಡಿದ್ದೆ. ಅದೂ ನಿಜವೇ. ಆದರೆ ನಿವೃತ್ತಿಯವರೆಗೂ ನನ್ನ ಕೈಯಿಂದ ಎಷ್ಟೋ ಲೆನ್ಸುಗಳು ತೇರ್ಗಡೆಯಾಗಿ ಪೆಟ್ಟಿಗೆ ಸೇರಿ ಹೋಗಿದ್ದವು. ಆ ಲೆನ್ಸುಗಳಿಗೆ ಕಣ್ಣಿಟ್ಟು ನೋಡಿದ ಒಬ್ಬರ ಮುಖವನ್ನೂ ನಾನು ಒಮ್ಮೆಯೂ ಕಂಡಿರಲಿಲ್ಲ. ಪಾಲಿಶ್ ಎಂಬ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತಾದದ್ದು ಆ ಸಂಜೆ, ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದ ಆ ಎರಡು ಕೈಗಳನ್ನು ನೋಡಿದಾಗ.